ಹೊಲದ ತಗಡಿನ ಶೆಡ್ಡಿಗೆ ಒಳಗೆ ಏನು ಹಚ್ಚಬೇಕು?



ನಮ್ಮ ನಾಗಾವಿ ಕಡೆ ಹೊಲದಾಗ ತಗಡಿನ ಶೆಡ್ಡು ಹಾಕುವುದು ಈಗ ಸಾಮಾನ್ಯ. ನಾಲ್ಕು ಕಬ್ಬಿಣದ ಕಂಬ, ಸುತ್ತ ತಗಡು, ಮೇಲೂ ತಗಡು. ಎರಡು ದಿನದಾಗ ನಿಂತು ಬಿಡುತ್ತದೆ. ಆದರೆ ಒಳಗೆ ಕೂತವರಿಗೇ ಅದರ ಕಥಿ ಗೊತ್ತು. ಎಪ್ರಿಲ್, ಮೇ ತಿಂಗಳಲ್ಲಿ ರೊಟ್ಟಿ ಹಂಚಿನ ಮುಂದೆ ಕೂತಂಗ ಆಗುತ್ತದೆ. ಥಂಡಿ ದಿನ ಬೆಳಗಿನ ಜಾವ ಮಳೆ ಇಲ್ಲದೆಯೇ ಶೆಡ್ಡು ಸೋರುತ್ತದೆ!

ನಮ್ಮ ಮನಿಯಾಗ ಬೀಜದ ಶೇಂಗಾ ಇಡುವುದೂ ಅಲ್ಲೇ, ರಾತ್ರಿ ಅಜ್ಜ ಮಲಗುವುದೂ ಅಲ್ಲೇ. ಬೀಜದ ಶೇಂಗಾಕ್ಕೆ ಬಿಸಿ, ತೇವ ಎರಡೂ ವೈರಿ. ಮೊಳಕೆ ಬರುವ ಶಕ್ತಿ ಕಡಿಮೆ ಆಗುತ್ತದೆ. ಒಂದು ಜಾತಿಯ ಬೂಜು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಶೆಡ್ಡಿನ ಒಳಮೈ ವಿಚಾರವನ್ನು ಬಿತ್ತನಿ ಲೆಕ್ಕದಾಗೇ ಹಿಡಿಯಬೇಕು.

ಮೊದಲು ಆ ಹನಿ ನೀರು ಎಲ್ಲಿಂದ ಬಂತು ನೋಡೋಣ. ರಾತ್ರಿ ಆಕಾಶಕ್ಕೆ ಶಾಖ ಬಿಟ್ಟು ತಗಡು ಬೇಗ ತಣ್ಣಗಾಗುತ್ತದೆ. ಒಳಗಿನ ಗಾಳಿಯಲ್ಲಿ ನಮ್ಮ ಉಸಿರಿನ ತೇವ, ಹಸಿ ನೆಲದ ತೇವ, ಕಾಳಿನ ತೇವ ಇರುತ್ತದೆ. ಆ ಗಾಳಿ ತಣ್ಣನೆ ತಗಡಿಗೆ ತಾಗಿದಾಗ ನೀರಾಗುತ್ತದೆ. ತಣ್ಣೀರು ತುಂಬಿದ ತಂಬಿಗೆ ಹೊರಗೆ ಬೆವರುತ್ತದಲ್ಲ, ಹಂಗ. ಆದ್ದರಿಂದ ಗೋಣಿ ತಟ್ಟನ್ನು ತಗಡಿಗೆ ಅಂಟಿಸಿ ಹೊಡೆದರೆ ಗೋಣಿ ನೆನೆಯುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಏನೇ ಹಚ್ಚಿದರೂ ತಗಡಿಗೂ ಅದಕ್ಕೂ ನಡುವೆ ಎರಡು ಇಂಚು ಜಾಗ ಬಿಡಬೇಕು. ಕೆಳಗೂ ಮೇಲೂ ಗಾಳಿ ಆಡಲು ಸಂದಿ ಇರಬೇಕು, ಸಂದಿಗೆ ಇಲಿ ನುಗ್ಗದಂತೆ ಸಣ್ಣ ಕಣ್ಣಿನ ಜಾಳಿಗೆ ಬಡಿಯಬೇಕು. ನನ್ನ ಲೆಕ್ಕದಲ್ಲಿ ಸಾಮಾನಿಗಿಂತ ಈ ಎರಡು ಇಂಚೇ ಮುಖ್ಯ.

ಇನ್ನು ಸಾಮಾನು. ಥರ್ಮೋಕೋಲ್ ಹಗುರ, ಅದರಲ್ಲಿ 100ಕ್ಕೆ 98 ಪಾಲು ಗಾಳಿಯೇ. ಶಾಖ ತಡೆಯುವುದು ಖರೆ. ಆದರೆ ಬೆಂಕಿ ತಾಗಿದರೆ ಕರಗಿ, ಉರಿದು, ಕರೀ ವಿಷದ ಹೊಗೆ ಬಿಡುತ್ತದೆ. ಇಲಿ, ಇರುವೆಗೆ ಅದರಲ್ಲೇ ಮನಿ. ಮನುಷ್ಯರು ಮಲಗುವಲ್ಲಿ ಅದು ಬೇಡವೇ ಬೇಡ. ಪ್ಲೈವುಡ್ ಚಂದ, ಆದರೆ ದುಬಾರಿ, ನೆಲಕ್ಕೆ ತಾಗಿದರೆ ಗೆದ್ದಲಿಗೆ ಊಟ. ಹಳೆ ಕಲ್ನಾರಿನ ಸಿಮೆಂಟ್ ಶೀಟು ಬಿದ್ದಾವಲ್ಲ, ಅವನ್ನೇ ಕೊಯ್ದು ಹಚ್ಚೋಣ ಅನ್ನುವವರು ಇದ್ದಾರೆ. ಕೊಯ್ದಾಗ, ತೂತು ಹಾಕಿದಾಗ ಏಳುವ ಧೂಳಿನ ನಾರು ಪುಪ್ಪುಸದೊಳಗೆ ಕೂತರೆ ಹೊರಗೆ ಬರುವುದಿಲ್ಲ. ಎಲ್ಲ ಜಾತಿಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅವನ್ನು ಮುಟ್ಟದೇ ಬಿಡುವುದು ಒಳ್ಳೇದು.

ನಮ್ಮ ಹೊಲದಾಗೇ ಸಿಗುವುದು ತೊಗರಿ ಕಟಿಗಿ. ಅದನ್ನು ಒತ್ತಾಗಿ ಹೆಣೆದು ತಟ್ಟಿ ಮಾಡಿ, ಒಳಮುಖಕ್ಕೆ ಮಣ್ಣು ಮೆತ್ತುವುದು ಹಿಂದಿನಿಂದ ಬಂದ ಪದ್ಧತಿ. ಮಣ್ಣು ತೇವ ಹೀರಿಕೊಂಡು, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಬೆಂಕಿಗೆ ಬೇಗ ಸಿಗುವುದಿಲ್ಲ. ಆದರೆ ಒಂದಿಂಚು ಮೆತ್ತಿದ್ದು ಹಳೇ ಮ್ಯಾಳಿಗಿ ಮನಿಯ ದಪ್ಪ ಗೋಡೆಯಷ್ಟು ತಂಪು ಕೊಡುತ್ತದೆ ಅಂತ ತಿಳಿಯಬೇಡಿರಿ. ತಟ್ಟಿಯ ಬುಡಕ್ಕೆ ಒಂದು ಸಾಲು ಕಲ್ಲು ಇಡಬೇಕು, ಇಲ್ಲದಿದ್ದರೆ ಇದಕ್ಕೂ ಗೆದ್ದಲು ಬರುತ್ತದೆ. ಮೇಲಿನ ತಗಡಿನ ಕೆಳಗೆ ಮಣ್ಣು ಬೇಡ, ಭಾರ ಆಗುತ್ತದೆ. ಬರೀ ಬಿದಿರಿನ ತಟ್ಟಿ ಸಾಕು. ತಗಡಿನ ಹೊರಮೈಗೆ ಬೇಸಿಗೆ ಮುಂಚೆ ಬಿಳಿ ಸುಣ್ಣ ಬಳಿದರೆ ಬಿಸಿಲು ಅಲ್ಲೇ ತಿರುಗಿ ಹೋಗುತ್ತದೆ. ಇದರಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಯಾವ ಮಣ್ಣು? ಬರೀ ಎರಿ ಮಣ್ಣು ಆಗುವುದಿಲ್ಲ. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ಎರಿ ಹೊಲದಾಗ ಕಾಲು ಸಿಗುವಂಥ ಬಿರುಕು ನೋಡಿದ್ದೀರಲ್ಲ! ಮಸಾರಿ ಮಣ್ಣಿಗೆ ಸಣ್ಣಗೆ ಕಡಿದ ಹುಲ್ಲು, ಸಗಣಿ ಕಲಸಿ ಎರಡು ಮೂರು ದಿನ ನೆನೆಯಿಟ್ಟು ತುಳಿದರೆ ಹದ ಬರುತ್ತದೆ. ಮೊದಲು ಅಂಗೈ ಅಗಲ ಮೆತ್ತಿ ಒಣಗಿಸಿ ನೋಡಬೇಕು. ಬಿರಿದರೆ ಇನ್ನಷ್ಟು ಉಸುಕು, ಉದುರಿದರೆ ಇನ್ನಷ್ಟು ಜಿಗಟು ಮಣ್ಣು. ಒಣಗಿದ ಮೇಲೆ ಸುಣ್ಣ. ಸುಣ್ಣದ ತಿಳಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ (ಒಂಬತ್ತನೇದವರಿಗೆ ಸಮೀಕರಣ ಗೊತ್ತಿರಬೇಕು). ಸುಣ್ಣದ ಹಳ್ಳು ಅರಳಿಸುವಾಗ ಮಾತ್ರ ಹುಡುಗರು ಹತ್ತಿರ ಹೋಗಬಾರದು, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು.

ಒಂದು ಮಾತು ಬಿಟ್ಟಿತ್ತು. ಶೆಡ್ಡು ಉಳ್ಳಾಗಡ್ಡಿಗೆ ಅಂತ ಇದ್ದರೆ ಇದ್ಯಾವುದೂ ಬೇಡ. ಉಳ್ಳಾಗಡ್ಡಿಗೆ ನಾಲ್ಕೂ ಕಡೆ ಗಾಳಿ ಬೇಕು, ಕೆಳಗಿನಿಂದಲೂ ಬೇಕು. ಗೋಡೆ ಮುಚ್ಚಿದಷ್ಟೂ ಕೊಳೆಯುತ್ತದೆ. ಅದಕ್ಕೆ ಬಿದಿರಿನ ಸಂದಿ ಗೋಡೆ, ನೆಲದಿಂದ ಎತ್ತರಿಸಿದ ಅಟ್ಟ. ಹಾಗೇ ಬೆಳೆಗೆ ಹೊಡೆಯುವ ಎಣ್ಣಿ ಡಬ್ಬಿ ಮಲಗುವ ಶೆಡ್ಡಿನಲ್ಲಿ ಇಡಲೇಬಾರದು. ಗೋಡೆ ಎಷ್ಟು ಚಂದ ಮಾಡಿದರೂ ಅದರ ಗಾಳಿ ಒಳಗೇ ಸುತ್ತುತ್ತದೆ.

ನಮ್ಮ ಶೆಡ್ಡಿಗೆ ಅಪ್ಪನ ಮನಸ್ಸು ಪ್ಲೈವುಡ್ ಕಡೆ, ಅಜ್ಜನದು ತೊಗರಿ ತಟ್ಟಿ ಕಡೆ. ಇನ್ನೂ ಮುಗಿದಿಲ್ಲ. ಅಷ್ಟರೊಳಗೆ ಎರಿ, ಮಸಾರಿ ಎರಡೂ ಮಣ್ಣನ್ನು ಬೇರೆ ಬೇರೆ ಬಾಟ್ಲಿಯಲ್ಲಿ ನೀರು ಹಾಕಿ ಅಲ್ಲಾಡಿಸಿ ನಮ್ಮ ಕ್ಲಾಸಿನ ಕಿಟಕಿಯಲ್ಲಿ ಇಟ್ಟಿದ್ದೇನೆ. ಉಸುಕು ತಳದಲ್ಲಿ, ಜಿಗಟು ಮಣ್ಣು ಮೇಲೆ ಕೂಡುತ್ತದೆ. ಯಾವುದರಲ್ಲಿ ಎಷ್ಟು ಐತಿ ನೋಡಿರಿ, ಆದರೆ ಬಾಟ್ಲಿ ಅಲ್ಲಾಡಿಸಬೇಡಿರಿ.