ಒಲೆಗೆ ರಿಟೈರ್‌ಮೆಂಟ್ ಯಾವಾಗ ಸ್ವಾಮಿ?

ಮುತ್ತತ್ತಿ: ಶನಿವಾರ, ಭಾನುವಾರ ಬಂತೆಂದರೆ ಹಲಗೂರು ದಾಟಿ ಕಾಡು ಹೊಗುವ ರಸ್ತೆಯಲ್ಲಿ ಗಾಡಿಗಳದೇ ಸಾಲು. ಬಸ್ಸು, ಟೆಂಪೋ, ಕಾರು, ಬೈಕು. ಮುತ್ತತ್ತಿರಾಯನಿಗೆ ಕೈ ಮುಗಿದು, ಕಾವೇರಿಯಲ್ಲಿ ಕಾಲು ತೊಳೆದು, ಮರದ ನೆರಳಲ್ಲಿ ಮೂರು ಕಲ್ಲು ಹೂಡಿ, ಅಡುಗೆ ಮಾಡಿ ಉಂಡು ಬರುವುದು ನಮ್ಮ ಸೀಮೆಯ ಹಳೇ ವಾಡಿಕೆ. ಸೀತಮ್ಮನ ಮೂಗುತಿಯ ಮುತ್ತು ಹೊಳೆಗೆ ಬಿದ್ದಾಗ ಆಂಜನೇಯ ಬಾಲದಿಂದ ನೀರು ಕಡೆದು ಎತ್ತಿಕೊಟ್ಟ ಜಾಗ ಇದು ಅಂತ ಹಿರಿಯರು ಹೇಳುತ್ತಾರೆ. ವರನಟ ರಾಜ್‌ಕುಮಾರ್ ಅವರಿಗೆ ಹೆತ್ತವರು ಇಟ್ಟಿದ್ದ ಮುತ್ತುರಾಜ ಅನ್ನುವ ಹೆಸರೂ ಈ ದೇವರದೇ.

ಪೆನ್ಷನ್ ಹತ್ತಿರಕ್ಕೆ ಬಂದವರ ಬಾಯಲ್ಲಿ ಈಚೆಗೆ ಒಂದು ಹೊಸ ಮಾತು. “ರಿಟೈರ್ ಆಗ್ತಿದ್ದ ಹಾಗೇ ಒಂದು ವ್ಯಾನ್ ತಗೊಂಡು ಬಿಡೋದು. ಅದರಲ್ಲೇ ಮಂಚ, ಅದರಲ್ಲೇ ಒಲೆ. ನಾನೂ ನಮ್ಮನೆಯವಳೂ ಊರೂರು ಸುತ್ತೋದು. ಬೆಟ್ಟ ಕಂಡರೆ ಹತ್ತೋದು, ಹೊಳೆ ಕಂಡರೆ ಟೆಂಟ್ ಹಾಕೋದು.” ಆಸೆ ಒಳ್ಳೆಯದೇ. ಆದರೆ ಈ ಮಾತು ಆಡುವವರು ಮುಕ್ಕಾಲು ಪಾಲು ಗಂಡಸರು. ‘ನಮ್ಮನೆಯವಳ’ನ್ನು ಯಾರಾದರೂ ಕೇಳಿದ್ದೀರಾ?

ಚಕ್ರದ ಮೇಲಿನ ಮನೆ

ಅಮೆರಿಕದಲ್ಲಿ ಇದಕ್ಕೆ ‘ಆರ್.ವಿ.’ ಅಂತಾರೆ. ದೊಡ್ಡದಾದರೆ ನಮ್ಮ ಮಿನಿ ಬಸ್ಸಿಗಿಂತ ಉದ್ದ. ಒಳಗೆ ಮಂಚ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲಾ. ಅಲ್ಲಿ ನಿವೃತ್ತರಾದ ಎಷ್ಟೋ ಗಂಡ-ಹೆಂಡತಿ ಇದ್ದ ಮನೆ ಮಾರಿ, ಗಾಡಿಯನ್ನೇ ಮನೆ ಮಾಡಿಕೊಂಡು, ಬೇಸಿಗೆಗೆ ತಂಪಿನ ಸೀಮೆ, ಚಳಿಗೆ ಬೆಚ್ಚನೆ ಸೀಮೆ ಅಂತ ವರ್ಷಪೂರ್ತಿ ತಿರುಗುತ್ತಾರೆ. ಅಲ್ಲಿ ಅದಕ್ಕೆಂದೇ ತಂಗುದಾಣಗಳಿವೆ. ಬಾಡಿಗೆ ಕೊಟ್ಟರೆ ಕರೆಂಟು, ನೀರು, ಕಕ್ಕಸಿನ ನೀರು ಬಿಡಲು ಕೊಳವೆ ಸಿಗುತ್ತವೆ.

ನಮ್ಮ ಸರ್ಕಾರದ ಕಡತಕ್ಕೂ ಇದು ಬಂದು ಬಹಳ ದಿನವಾಯಿತು. ಕೇಂದ್ರ ಪ್ರವಾಸೋದ್ಯಮ ಇಲಾಖೆ 2009ರಲ್ಲೇ ಕ್ಯಾರವಾನ್ ನೀತಿ ಹೊರಡಿಸಿತು. ಕೇರಳ 2021ರಲ್ಲಿ ತನ್ನದೇ ಯೋಜನೆ ಮಾಡಿತು. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಸೇರಿದೆ.

ಹಾಗಂತ ಚಕ್ರದ ಮೇಲಿನ ಮನೆ ನಮಗೇನು ಹೊಸದೇ? ಕಮಾನು ಕಟ್ಟಿದ ಎತ್ತಿನ ಗಾಡೀಲಿ ಹುಲ್ಲು ಹಾಸಿ, ಪಾತ್ರೆ ಪಡಗ ತುಂಬಿ, ಮಕ್ಕಳುಮರಿ ಕೂರಿಸಿಕೊಂಡು ಜಾತ್ರೆಗೆ ಹೊರಟವರು ನಮ್ಮ ಅಜ್ಜ-ಅಜ್ಜಿ. ದಾರೀಲಿ ತೋಪು ಸಿಕ್ಕಿದರೆ ಎತ್ತು ಬಿಚ್ಚುತ್ತಿದ್ದರು. ರಾತ್ರಿ ಗಾಡಿ ಕೆಳಗೇ ನಿದ್ದೆ. ಇನ್ನು ಹೆಳವರನ್ನು ಕೇಳಿ. ಎತ್ತು ಗಾಡಿ ಕಟ್ಟಿಕೊಂಡು ಊರಿಂದ ಊರಿಗೆ ಹೋಗಿ, ಮನೆತನಗಳ ವಂಶಾವಳಿ ಹೇಳಿ, ಕೊಟ್ಟ ಕಾಳು-ಕಾಸು ಪಡೆದು ಮುಂದಿನ ಊರಿಗೆ ಹೊರಡುವುದು ಅವರ ತಲೆತಲಾಂತರದ ಕಸುಬು.

ಒಂದು ಮಾತ್ರ ಬದಲಾಗಿಲ್ಲ. ಅಜ್ಜನ ಗಾಡಿ ನಿಂತಾಗ ಅಜ್ಜ ಎತ್ತಿಗೆ ನೀರು ತೋರಿಸಿ ಬೀಡಿ ಹಚ್ಚುತ್ತಿದ್ದ. ಅಜ್ಜಿ ಒಲೆ ಹಚ್ಚುತ್ತಿದ್ದಳು.

ವ್ಯಾನಿನ ಲೆಕ್ಕ

ಅಂಗಡಿ ನಡೆಸುವವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆದರೂ ಒಂದು ಸಲ ಹಾಕಿ ನೋಡೋಣ. ವ್ಯಾನು, ಒಳಗಿನ ಮರಗೆಲಸ ಎಲ್ಲಾ ಸೇರಿ 12 ಲಕ್ಷ ಅಂತ ಇಟ್ಟುಕೊಳ್ಳಿ. ಅದೇ ದುಡ್ಡು ಬ್ಯಾಂಕಲ್ಲಿ ನೂರಕ್ಕೆ ಏಳರಂತೆ ಇದ್ದರೆ ವರ್ಷಕ್ಕೆ 84 ಸಾವಿರ ಬಡ್ಡಿ. ತಿಂಗಳಿಗೆ 7 ಸಾವಿರ. ವ್ಯಾನು ಮನೆ ಮುಂದೆ ಸುಮ್ಮನೆ ನಿಂತಿದ್ದರೂ ಇಷ್ಟು ಹೋಯಿತು. ಡೀಸೆಲ್ಲು, ಇನ್ಶೂರೆನ್ಸು, ಟಯರು ಬೇರೆ.

ಕಾನೂನಿನ ಮಾತೂ ಇದೆ. ಪರಿಚಯದ ಗ್ಯಾರೇಜಿನವನಿಗೆ ಹೇಳಿ ಟೆಂಪೋ ಕುಯ್ಯಿಸಿ ಮನೆ ಮಾಡಿಸಿಬಿಡ್ತೀನಿ ಅಂದರೆ ಆಗುವುದಿಲ್ಲ. ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಕೂಡದು ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಗಿಯಾಗಿ ಹೇಳಿತು. ಆದ್ದರಿಂದ ಮೊದಲು ಆರ್‌ಟಿಒ ಆಫೀಸು, ಆಮೇಲೆ ಗ್ಯಾರೇಜು.

ಹೊಳೆ ದಂಡೇಲಿ ಟೆಂಟ್ ಬೇಡಿ

ಮುತ್ತತ್ತಿಗೆ ವ್ಯಾನು ಬಂತು ಅಂತಲೇ ಇಟ್ಟುಕೊಳ್ಳಿ. ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ? ಇದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ಒಳಗಿನ ಊರು. ವನ್ಯಧಾಮದಲ್ಲಿ ಪರವಾನಗಿ ಇಲ್ಲದೆ ಬೀಡು ಬಿಡುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮಾತು ಅದು. ಕಾಡಿಗೆ ಅಪಾಯ ಆಗುವಂತೆ ಬೆಂಕಿ ಹಾಕುವುದು, ಉರಿಯುವ ಕೊಳ್ಳಿ ಬಿಟ್ಟು ಹೋಗುವುದು ಅದೇ ಕಾಯ್ದೆಯಲ್ಲಿ ಅಪರಾಧ.

ಕಾನೂನು ಬಿಡಿ, ಜೀವದ ಮಾತು ಕೇಳಿ. ರಾತ್ರಿ ಹೊಳೆ ದಂಡೆ ಆನೆಗಳದು. ಅವು ನೀರಿಗೆ ಬರುವ ದಾರಿಯಲ್ಲಿ ಹಳದಿ ಟೆಂಟು ಹಾಕಿಕೊಂಡು ಮಲಗಿದರೆ ಮುತ್ತತ್ತಿರಾಯನೂ ಏನು ಮಾಡಲಾರ. ನೀರಲ್ಲಿ ಮೊಸಳೆ ಇವೆ. ಅದಕ್ಕಿಂತ ಕೆಟ್ಟದ್ದು ಸುಳಿ. ಮೇಲೆ ನೋಡಿದರೆ ಶಾಂತ, ಕೆಳಗೆ ಬಂಡೆ, ಮಡು. ಮೇಲಿಂದ ಕೆಆರ್‌ಎಸ್ ನೀರು ಬಿಟ್ಟರೆ ಮಟ್ಟ ಏರುತ್ತದೆ. ಈಜು ಬಲ್ಲ ಹರೆಯದವರೇ ಇಲ್ಲಿ ಹೋಗಿದ್ದಾರೆ. ಅರವತ್ತು ದಾಟಿದವರು ಸೋಪಾನದ ಹತ್ತಿರ ಚೊಂಬಲ್ಲಿ ನೀರು ಹುಯ್ದುಕೊಂಡರೂ ಪುಣ್ಯ ಕಡಿಮೆಯಾಗುವುದಿಲ್ಲ.

ಕಾಡಲ್ಲಿ ರಾತ್ರಿ ಕಳೆಯಲೇಬೇಕು ಅನ್ನುವವರಿಗೆ ದಾರಿ ಇಲ್ಲದೇ ಇಲ್ಲ. ಹತ್ತಿರದಲ್ಲೇ ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರ ಇದೆ. ಬೇರೆ ಕಡೆ ಬೆಟ್ಟ ಹತ್ತುವವರಿಗೆ ಅರಣ್ಯ ಇಲಾಖೆ 2024ರಲ್ಲಿ ‘ಅರಣ್ಯ ವಿಹಾರ’ ಅನ್ನುವ ಆನ್‌ಲೈನ್ ಟಿಕೆಟ್ ವ್ಯವಸ್ಥೆ ತಂದಿತು. ಟಿಕೆಟ್ ತಗೊಂಡು, ಬೆಳಗಿನ ತಂಪಲ್ಲಿ ಹತ್ತಿ, ಬಿಸಿಲೇರುವ ಮುಂಚೆ ಇಳಿಯುವುದು ವಯಸ್ಸಾದವರಿಗೆ ಒಳ್ಳೆಯದು.

ಟೀ ಅಂಗಡಿಯ ಜೋಡಿ

ಹಾಗಾದರೆ ವಯಸ್ಸಾದ ಗಂಡ-ಹೆಂಡತಿ ತಿರುಗಲೇಬಾರದೇ? ತಿರುಗಲೇಬೇಕು. ಅದಕ್ಕೆ ದೊಡ್ಡ ಗಾಡಿ ಬೇಡ ಅನ್ನುವುದಕ್ಕೆ ಕೊಚ್ಚಿಯ ವಿಜಯನ್-ಮೋಹನಾ ಸಾಕ್ಷಿ. ಕೊಚ್ಚಿಯಲ್ಲಿ ಅವರದೊಂದು ಸಣ್ಣ ಟೀ ಅಂಗಡಿ. ಹೆಸರು ಶ್ರೀ ಬಾಲಾಜಿ ಕಾಫಿ ಹೌಸ್. ಗಂಡ-ಹೆಂಡತಿ ಇಬ್ಬರೂ ನಿಂತು ನಡೆಸುತ್ತಿದ್ದ ಅಂಗಡಿ. ದಿನಕ್ಕೆ 300 ರೂಪಾಯಿ ಎತ್ತಿಡುವುದು, ಸಾಲದ್ದಕ್ಕೆ ಸಾಲ ಮಾಡುವುದು, ಇಬ್ಬರೂ ಹೋಗಿಬರುವುದು, ಬಂದು ಟೀ ಮಾರಿ ಸಾಲ ತೀರಿಸುವುದು. ತೀರಿದ ಮೇಲೆ ಮತ್ತೆ ಹೊರಡುವುದು.

2007ರಲ್ಲಿ ಶುರುವಾದ ಈ ವಿದೇಶ ಯಾತ್ರೆ 26 ದೇಶ ಮುಟ್ಟಿತು. 2021ರ ಅಕ್ಟೋಬರ್‌ನಲ್ಲಿ ರಷ್ಯಾ ನೋಡಿ ಬಂದರು. ನವೆಂಬರ್‌ನಲ್ಲಿ ವಿಜಯನ್ ತೀರಿಕೊಂಡರು. ಇನ್ನೊಂದು ವರ್ಷ ಬಿಟ್ಟು ಹೋಗೋಣ ಅಂದಿದ್ದರೆ ರಷ್ಯಾ ಹಾಗೇ ಉಳಿಯುತ್ತಿತ್ತು.

ದಿನಕ್ಕೆ 300 ಅಂದರೆ ವರ್ಷಕ್ಕೆ 1,09,500. ಪೇಟೆ ಬೀದಿಯಲ್ಲಿ ಇಷ್ಟು ಉಳಿಸುವವರು ಇಲ್ಲವೇ? ಇದ್ದಾರೆ. ಆದರೆ ಆ ದುಡ್ಡು ಸೈಟಿಗೆ, ಚೀಟಿಗೆ, ಮಗನ ಬೈಕಿಗೆ ಹೋಗುತ್ತದೆ. ತಪ್ಪು ಅಂತಲ್ಲ. ಹೆಂಡತಿಯ ಹೆಸರಲ್ಲಿ ಬರೀ ಅಡುಗೆ ಸಾಮಾನಿನ ಚೀಟಿ ಬರುವುದು ಮಾತ್ರ ಬೇಜಾರು.

ಮೈಸೂರಿನ ಅಮ್ಮ

ಇನ್ನೊಂದು ಕಥೆ ನಮ್ಮ ಪಕ್ಕದ ಮೈಸೂರಿನದೇ. ಚೂಡಾರತ್ನಮ್ಮ ಕೂಡು ಕುಟುಂಬದ ಸೊಸೆ. ಅಡುಗೆ ಮನೆಯಲ್ಲೇ ಅವರ ಆಯಸ್ಸು ಸವೆಯಿತು. 2015ರಲ್ಲಿ ಗಂಡ ತೀರಿಕೊಂಡರು. ಬೆಂಗಳೂರಲ್ಲಿ ಕಂಪನಿ ಕೆಲಸದಲ್ಲಿದ್ದ ಮಗ ಕೃಷ್ಣಕುಮಾರ್ ಒಂದು ದಿನ ವಿಚಾರಿಸಿದರೆ ಅಮ್ಮ ಬೇಲೂರು ಹಳೇಬೀಡನ್ನೇ ನೋಡಿಲ್ಲ! ಮಗ ಕೆಲಸ ಬಿಟ್ಟ. ಅಪ್ಪ ಕೊಡಿಸಿದ್ದ ಹಳೇ ಬಜಾಜ್ ಚೇತಕ್ ಸ್ಕೂಟರು ತೆಗೆದ. ಎಪ್ಪತ್ತರ ಆಸುಪಾಸಿನ ಅಮ್ಮನನ್ನು ಹಿಂದೆ ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟ.

‘ಮಾತೃ ಸೇವಾ ಸಂಕಲ್ಪ ಯಾತ್ರೆ’ ಅಂತ ಅದಕ್ಕೆ ಹೆಸರು. ಮಠ, ದೇವಸ್ಥಾನ, ಛತ್ರಗಳಲ್ಲಿ ರಾತ್ರಿ ತಂಗಿದರು. ದೇಶ ಸುತ್ತಿ ನೇಪಾಳ, ಭೂತಾನ್, ಮ್ಯಾನ್ಮಾರ್ ಕೂಡ ನೋಡಿದರು. ಕೊರೊನಾ ಬಂದು 2020ರಲ್ಲಿ ಮೈಸೂರಿಗೆ ಮರಳುವ ಹೊತ್ತಿಗೆ ಸ್ಕೂಟರು 50 ಸಾವಿರ ಕಿ.ಮೀ. ದಾಟಿತ್ತು. 2022ರಲ್ಲಿ ಮತ್ತೆ ಹೊರಟರು.

ಇದನ್ನು ಓದಿದ ಎಲ್ಲರೂ ಮಗನನ್ನು ಹೊಗಳುತ್ತಾರೆ. ಹೊಗಳಬೇಕಾದ್ದೇ. ಆದರೆ ಓದುಗರು ಇನ್ನೊಂದು ಕಡೆಯಿಂದಲೂ ನೋಡಬೇಕು. ಬೇಲೂರು ಮೈಸೂರಿನಿಂದ ಒಂದು ಹಗಲಿನ ದಾರಿ. ಆ ಒಂದು ಹಗಲು ಸಿಕ್ಕದ ಹೆಂಗಸರು ನಮ್ಮ ನಿಮ್ಮ ಮನೆಗಳಲ್ಲಿ ಎಷ್ಟು ಜನ? ಎಲ್ಲರಿಗೂ ಸ್ಕೂಟರು ತೆಗೆಯುವ ಮಗ ಸಿಕ್ಕುವುದಿಲ್ಲ.

ಕೆಂಪು ಬಸ್ಸೇ ನಮ್ಮ ಆರ್.ವಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತಕ್ಕೆ ಇದು ನಡೆಯದು. ಅರವತ್ತು ತುಂಬಿದ ಗಂಡಸರಿಗೆ ಕೆಎಸ್‌ಆರ್‌ಟಿಸಿಯಲ್ಲಿ ನೂರಕ್ಕೆ 25 ರಿಯಾಯಿತಿ. ಗುರುತಿನ ಚೀಟಿ ಜೇಬಲ್ಲಿರಲಿ. ಅಂದರೆ ರಿಟೈರ್ ಆದ ಗಂಡ-ಹೆಂಡತಿ ಮುಕ್ಕಾಲು ಟಿಕೆಟ್ಟಿನಲ್ಲಿ ಮಳವಳ್ಳಿಯಿಂದ ಬೀದರಿನ ತನಕ ಹೋಗಬಹುದು! 2025ರ ಜನವರಿಯಲ್ಲಿ ದರ ನೂರಕ್ಕೆ 15 ಏರಿದ್ದು ನಿಜ. ಆದರೂ ಆ ವ್ಯಾನಿನ ಏಳು ಸಾವಿರ ಬಡ್ಡಿಯಲ್ಲಿ ಒಂದು ತಿಂಗಳು ಎಷ್ಟು ಊರು ನೋಡಬಹುದು, ನೀವೇ ಗುಣಿಸಿ. ರೈಲಿನವರು ಮಾತ್ರ ಹಿರಿಯರ ರಿಯಾಯಿತಿಯನ್ನು 2020ರ ಮಾರ್ಚಿಯಲ್ಲಿ ನಿಲ್ಲಿಸಿದರು.

“ನವೆಂಬರ್‌ನಲ್ಲಿ ಬದುಕಿದ್ದೀನಿ ಅಂತ ಬ್ಯಾಂಕಿಗೆ ತೋರಿಸಬೇಕಲ್ಲಪ್ಪ” ಅನ್ನುವ ಪೆನ್ಷನ್‌ದಾರರಿಗೂ ದಾರಿ ಇದೆ. 2014ರ ನವೆಂಬರ್‌ನಲ್ಲಿ ಬಂದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಯಾವ ಊರಲ್ಲಿದ್ದರೂ ಆಧಾರ್ ಮೂಲಕ ಬೆರಳಚ್ಚು ಒತ್ತಿದರೆ ಸಾಕು.

ಮೊದಲ ಕಾಯಿದೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ರಾಜ್ಯ ಸರ್ಕಾರಿ ನೌಕರನಿಗೆ ಅರವತ್ತಕ್ಕೆ ನಿವೃತ್ತಿ. 2008ಕ್ಕೆ ಮುಂಚೆ ಐವತ್ತೆಂಟಕ್ಕೇ ಇತ್ತು. ಆವತ್ತು ಆಫೀಸಲ್ಲಿ ಹಾರ, ಶಾಲು, ಫೋಟೋ, ಬಿಸಿಬೇಳೆಬಾತು. ಮನೆಯಾಕೆ ಮಾರನೇ ದಿನ ಬೆಳಗ್ಗೆ ಐದಕ್ಕೇ ಎದ್ದು ಒಲೆ ಹಚ್ಚುತ್ತಾಳೆ. ಆಕೆಯ ಕೆಲಸಕ್ಕೆ ಐವತ್ತೆಂಟೂ ಇಲ್ಲ, ಅರವತ್ತೂ ಇಲ್ಲ. ಯಜಮಾನರು ಮನೇಲೇ ಇರುವುದರಿಂದ ಮಧ್ಯಾಹ್ನ ಎರಡು ಲೋಟ ಕಾಫಿ ಜಾಸ್ತಿ.

ಈಗ ಆಕೆಯನ್ನು ವ್ಯಾನಿಗೆ ಹತ್ತಿಸಿ. ನಿಮ್ಮ ಆಫೀಸು ಊರಲ್ಲೇ ಉಳಿಯಿತು. ಆಕೆಯ ಆಫೀಸು ಸ್ಟವ್ವು, ಸಿಲಿಂಡರ್ ಸಮೇತ ಹಿಂದಿನ ಸೀಟಲ್ಲಿ ಬಂತು! ದೊಡ್ಡ ಅಡುಗೆ ಮನೆಯಲ್ಲಿ ನಿಂತು ಬೇಯಿಸುತ್ತಿದ್ದವಳು ಮೂರಡಿ ಜಾಗದಲ್ಲಿ ಬಗ್ಗಿ ಬೇಯಿಸಬೇಕು. ಮುತ್ತತ್ತಿ ದಂಡೆಯಲ್ಲೂ ನಡೆಯುವುದು ಇಷ್ಟೇ. ಬಾಡೂಟದ ದಿನ ಗಂಡಸರೇ ಸೌಟು ಹಿಡಿಯುತ್ತಾರೆ, ಒಪ್ಪೋಣ. ಆದರೆ ಅಕ್ಕಿ ತೊಳೆದವರು ಯಾರು? ಈರುಳ್ಳಿ ಹೆಚ್ಚಿದವರು ಯಾರು? ಉಂಡಾದ ಮೇಲೆ ಪಾತ್ರೆ ಹೊತ್ತು ನೀರಿಗಿಳಿದವರು ಯಾರು?

ಆದ್ದರಿಂದ ಯಾತ್ರೆ ಹೊರಡುವ ಹಿರಿಯರಿಗೆ ಮೊದಲ ಕಾಯಿದೆ ಇದು: ವ್ಯಾನಾಗಲಿ, ಬಸ್ಸಾಗಲಿ, ದಾರಿಯ ಅಡುಗೆ ಇಬ್ಬರದು. ಒಂದು ಹೊತ್ತು ಆಕೆ, ಒಂದು ಹೊತ್ತು ನೀವು, ಒಂದು ಹೊತ್ತು ಹೋಟೆಲು. ಅನ್ನ-ಸಾರು ಬರುವುದಿಲ್ಲ ಅಂದರೆ ಕಲಿಯಿರಿ. ಮೂವತ್ತು ವರ್ಷ ಫೈಲು ಕಲಿತವರಿಗೆ ಒಗ್ಗರಣೆ ಕಷ್ಟವೇ?

ಎರಡನೇ ಕಾಯಿದೆ: ಎಲ್ಲಿಗೆ ಹೋಗುವುದು ಅಂತ ಆಕೆ ಹೇಳಲಿ. ಮೂರನೆಯದು: ತಡ ಮಾಡಬೇಡಿ. ಮಗಳ ಮದುವೆ ಆಗಲಿ, ಮೊಮ್ಮಗು ಸ್ಕೂಲಿಗೆ ಸೇರಲಿ, ಮನೆ ಮೇಲಿನ ಮಹಡಿ ಮುಗಿಯಲಿ ಅನ್ನುವಷ್ಟರಲ್ಲಿ ಮಂಡಿ ನೋವು ಬಂದು ಕೂತಿರುತ್ತದೆ. ಆಮೇಲೆ ಬೆಟ್ಟವನ್ನು ಬಸ್ಸಿನ ಕಿಟಕಿಯಿಂದ ನೋಡಬೇಕು.

ದೂರ ಬೇಡ. ಬೆಂಗಳೂರಿನವರೇ ಸುಮಾರು 100 ಕಿ.ಮೀ. ದೂರದಿಂದ ಮುತ್ತತ್ತಿಗೆ ಬರುತ್ತಾರೆ. ಮಳವಳ್ಳಿ, ಮದ್ದೂರು, ಮಂಡ್ಯದವರಿಗೆ ಏನು ಕೇಡು? ಬರುವ ಶನಿವಾರ ಬುತ್ತಿಗೆ ಎರಡು ಪೊಟ್ಟಣ ಪುಳಿಯೋಗರೆ ಹೋಟೆಲಲ್ಲೇ ಕಟ್ಟಿಸಿಕೊಳ್ಳಿ. ಆಕೆಗೆ ಸೊನ್ನೆ ಟಿಕೆಟ್, ನಿಮಗೆ ಮುಕ್ಕಾಲು. ಕಿಟಕಿ ಸೀಟು ಯಾರಿಗೆ ಅಂತ ಈ ಅಂಕಣ ಹೇಳಿಕೊಡಬೇಕಾಗಿಲ್ಲ ತಾನೇ?