ಮೆದು ನೀರೆಲ್ಲ ಕುಡಿಯುವ ನೀರಲ್ಲ

ನಮ್ಮ ಕಿನ್ನಾಳ ಅಂದರೆ ಎಲ್ಲರಿಗೂ ನೆನಪಾಗುವುದು ಬಣ್ಣದ ಮರದ ಗೊಂಬೆಗಳು. ಗೊಂಬೆ ಮಾಡುವ ಚಿತ್ರಗಾರರ ಮನೆಗಳಲ್ಲಿ ಹುಣಸೆ ಬೀಜದ ಅಂಟು ಬೇಕೇ ಬೇಕು. ಉಳಿದವರ ಮನೆಗಳಲ್ಲಿ ಹುಣಸೆಗೆ ಇನ್ನೊಂದು ಕೆಲಸವಿದೆ. ನೀರು ಕಾಯಿಸುವ ಹಂಡೆಯೊಳಗೆ ಕಟ್ಟಿದ ಬಿಳಿ ಪದರವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೆಗೆಯುವುದು. ಬೋರ್‌ವೆಲ್ ನೀರಿನ ಗುರುತೇ ಆ ಪದರ. ಈ ನೀರಿನಲ್ಲಿ ಸೋಪು ನೊರೆ ಕೊಡುವುದಿಲ್ಲ, ತೊಗರಿಬೇಳೆ ಬೇಗ ಬೇಯುವುದಿಲ್ಲ, ನಲ್ಲಿಯ ಬಾಯಿ ಕಟ್ಟಿಕೊಳ್ಳುತ್ತದೆ.

ಮಳೆನೀರು ಮೆದುವಾಗಿಯೇ ಬೀಳುತ್ತದೆ. ನೆಲದೊಳಗೆ ಇಳಿಯುವಾಗ ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ಕಲ್ಲು–ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಅದೇ ಗಡಸು ನೀರು. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮ ಮನೆಯ ಬೋರಿನದು ಹತ್ತಿರ ಹತ್ತಿರ 600.

ಅದಕ್ಕೇ ನಮ್ಮ ಮಾಳಿಗೆಯ ಮೇಲೆ ಒಂದು ವಾಟರ್ ಸಾಫ್ಟನರ್ ಇದೆ. ಅದರ ಉಸ್ತುವಾರಿ ನನ್ನದು. ಓಣಿಯ ಮಕ್ಕಳು ಅದನ್ನು ‘ಉಪ್ಪು ತಿನ್ನೋ ಮಷೀನು’ ಅನ್ನುತ್ತಾರೆ. ಆ ಹೆಸರು ತಪ್ಪೇನಲ್ಲ. ಅದರ ಸಿಲಿಂಡರಿನೊಳಗೆ ಸಾಸಿವೆಗಿಂತ ಸಣ್ಣ, ಜೇನು ಬಣ್ಣದ ರೆಸಿನ್ ಕಾಳುಗಳಿವೆ. ಆ ಕಾಳುಗಳಿಗೆ ಸೋಡಿಯಂ ಅಂಟಿಕೊಂಡಿರುತ್ತದೆ. ಗಡಸು ನೀರು ಹಾದುಹೋಗುವಾಗ ಕಾಳು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಕೊಡಲು ಸೋಡಿಯಂ ಮುಗಿದರೆ ನೀರು ಗಡಸಾಗಿಯೇ ಹೊರಬರುತ್ತದೆ. ಆಗ ಉಪ್ಪುನೀರು ಹಾಯಿಸಬೇಕು. ಉಪ್ಪಿನ ಸೋಡಿಯಂ ಕಾಳಿಗೆ ಸೇರುತ್ತದೆ, ಹಿಡಿದಿಟ್ಟ ಗಡಸು ಚರಂಡಿಗೆ ಹೋಗುತ್ತದೆ.

ಎಷ್ಟು ದಿನಕ್ಕೊಮ್ಮೆ ಉಪ್ಪು ಹಾಕಬೇಕು? ಇದು ಮಕ್ಕಳು ಮಾಡಬಹುದಾದ ಲೆಕ್ಕ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸು ಹಿಡಿಯುತ್ತದೆ ಅಂದುಕೊಳ್ಳಿ. ನಮ್ಮಲ್ಲಿರುವುದು 25 ಲೀಟರ್ ರೆಸಿನ್, ಅಂದರೆ 1250 ಗ್ರಾಂ. ಲೀಟರಿಗೆ 0.6 ಗ್ರಾಂ ಗಡಸಿದ್ದರೆ ಸುಮಾರು 2,000 ಲೀಟರ್ ನೀರು ಮೆದುವಾಗುತ್ತದೆ. ದಿನಕ್ಕೆ 400 ಲೀಟರ್ ಬಳಸಿದರೆ ಐದು ದಿನ. ಹಾಗಾಗಿ ಐದನೇ ದಿನದ ಸಂಜೆಗೆ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಕೆಂಪು ಗುರುತು. ಒಂದು ಸಲಕ್ಕೆ ಬೇಕಾಗುವ ಉಪ್ಪು ಸುಮಾರು 4 ಕಿಲೋ. ಬೇಸಿಗೆಯಲ್ಲಿ ಬೋರಿನ ನೀರು ಇಳಿದಂತೆ ಗಡಸು ಏರಬಹುದು, ಆಗ ಲೆಕ್ಕವನ್ನು ಹೊಸದಾಗಿ ಹಾಕಬೇಕು.

ಕೆಲಸದ ಕ್ರಮ ಹೀಗೆ. ಮೊದಲು ನೀರನ್ನು ಕೆಳಗಿನಿಂದ ಮೇಲಕ್ಕೆ ಹತ್ತು ನಿಮಿಷ ಹರಿಸಿ ಕಾಳುಗಳ ನಡುವಿನ ಕೆಸರು ತೆಗೆಯುವುದು. ಇದೇ ಬ್ಯಾಕ್‌ವಾಷ್. ಹೊರಬರುವ ನೀರು ತಿಳಿಯಾಗುವವರೆಗೆ ಬಿಡಬೇಕು. ಆಮೇಲೆ ಉಪ್ಪುನೀರನ್ನು ನಿಧಾನ ಹಾಯಿಸುವುದು. ಇಲ್ಲಿ ಅವಸರ ಮಾಡಿದರೆ ಉಪ್ಪು ದಂಡ. ಕೊನೆಗೆ ಒಳ್ಳೆಯ ನೀರಿನಿಂದ ತೊಳೆಯುವುದು. ಹೊರಬಂದ ನೀರಿನ ಒಂದು ಹನಿ ನಾಲಿಗೆಗೆ ಉಪ್ಪುಪ್ಪಾಗಿದ್ದರೆ ಇನ್ನೂ ತೊಳೆಯಬೇಕು.

ಉಪ್ಪು ಸ್ವಚ್ಛವಾಗಿರಲಿ. ಪುಡಿ ಉಪ್ಪು ಬೇಡ, ಮಣ್ಣು ಬೆರೆತ ಉಪ್ಪಂತೂ ಬೇಡವೇ ಬೇಡ. ಸಾಫ್ಟನರಿಗೆಂದೇ ಬರುವ ಗುಳಿಗೆ ಉಪ್ಪು ಒಳ್ಳೆಯದು. ಕೆಲವೊಮ್ಮೆ ತೊಟ್ಟಿಯಲ್ಲಿ ಮೇಲೆ ಉಪ್ಪು ಗಟ್ಟಿ ಮುಚ್ಚಳದಂತೆ ಕಟ್ಟಿ, ಕೆಳಗೆ ಖಾಲಿ ಇರುತ್ತದೆ. ನೋಡಿದವರಿಗೆ ತೊಟ್ಟಿ ತುಂಬಿದಂತೆಯೇ ಕಾಣುತ್ತದೆ. ಕಟ್ಟಿಗೆಯಿಂದ ಮೆಲ್ಲಗೆ ಒತ್ತಿ ಒಡೆಯಬೇಕು. ನಲ್ಲಿಯ ಬಕೆಟ್‌ನಲ್ಲಿ ಜೇನು ಬಣ್ಣದ ಕಾಳು ಕಂಡರೆ ಒಳಗಿನ ಜಾಲರಿ ಒಡೆದಿದೆ ಅಂತ ಅರ್ಥ, ರಿಪೇರಿಯವರನ್ನು ಕರೆಯಿರಿ.

ಯಂತ್ರ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಎರಡು ಬಾಟಲಿ ಸಾಕು. ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಸಾಫ್ಟನರಿನ ನೀರು, ಎರಡೂ ಅರ್ಧರ್ಧ. ಎರಡಕ್ಕೂ ಅಷ್ಟಷ್ಟೇ ಸೋಪಿನ ಚೂರು ಹಾಕಿ ಅಲುಗಾಡಿಸಿ. ಮೆದು ನೀರಿನಲ್ಲಿ ನೊರೆ ಎದ್ದು ನಿಲ್ಲುತ್ತದೆ. ಗಡಸು ನೀರು ಮೊಸರೊಡೆದಂತೆ ಬೆಳ್ಳಗಾಗುತ್ತದೆ. ಎರಡೂ ಒಂದೇ ಥರ ಬೆಳ್ಳಗಾದರೆ ಉಪ್ಪಿನ ತೊಟ್ಟಿ ನೋಡಿ.

ಇಷ್ಟೆಲ್ಲ ನೋಡಿದ ಪಕ್ಕದ ಮನೆಯ ಅಜ್ಜಿ ಒಂದಿನ ಕೇಳಿದರು: ‘ಅಕ್ಕಾರ, ನೀರು ಇಷ್ಟು ಮೆತ್ತಗಾಗೇತಿ, ಕುಡಿಯಾಕ ಏನ್ ಅಡ್ಡಿರಿ?’

ಅಡ್ಡಿ ಇದೆ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆಯ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಸಣ್ಣ ವಯಸ್ಸಿನಲ್ಲಿ, ಹಲ್ಲು ಒಳಗೇ ರೂಪುಗೊಳ್ಳುವಾಗ ಹೆಚ್ಚು ಫ್ಲೋರೈಡ್ ಸೇರಿದರೆ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತವೆ. ಅವು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ಕುಡಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ.

ಸಾಫ್ಟನರಿನ ಕಾಳು ಹಿಡಿಯುವುದು ಧನ ವಿದ್ಯುದಂಶದ ಕ್ಯಾಲ್ಸಿಯಂನಂಥವನ್ನು ಮಾತ್ರ. ಫ್ಲೋರೈಡ್‌ನದು ಋಣ ವಿದ್ಯುದಂಶ. ಅದು ಕಾಳುಗಳ ನಡುವೆ ಆರಾಮಾಗಿ ದಾಟಿ ಬರುತ್ತದೆ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ. ಅದನ್ನು ತೆಗೆಯಲು ಆರ್‌.ಒ. ಥರದ ವ್ಯವಸ್ಥೆಯೇ ಬೇಕು. ಮೇಲಾಗಿ ನಮ್ಮ ಬೋರಿನಂಥ ನೀರು ಮೆದುವಾದಾಗ ಲೀಟರಿಗೆ ಸುಮಾರು 275 ಮಿಲಿಗ್ರಾಂ ಸೋಡಿಯಂ ಸೇರಿರುತ್ತದೆ. ರಕ್ತದೊತ್ತಡ ಇದ್ದವರಿಗೆ ಅದು ಒಳ್ಳೆಯದಲ್ಲ.

ಅದಕ್ಕೆ ನಮ್ಮ ಮನೆಯಲ್ಲಿ ಮೆದು ನೀರು ಬಚ್ಚಲಿಗೆ, ಬಟ್ಟೆಗೆ, ಪಾತ್ರೆಗೆ ಮಾತ್ರ. ಕುಡಿಯುವುದು, ಅಡುಗೆ ಮಾಡುವುದು ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನಿಂದ. ಕರಿಬೇವಿನ ಗಿಡಕ್ಕೆ ಸಾಫ್ಟನರಿಗೆ ಹೋಗುವ ಮೊದಲೇ ತೆಗೆದ ಬೋರಿನ ನೀರು. ತೊಳೆದ ಉಪ್ಪುನೀರನ್ನು ಹಿತ್ತಲಿಗೆ ಬಿಡುವುದಿಲ್ಲ. ಸವಳು ನೆಲದ ಕಷ್ಟ ಗಂಗಾವತಿ ಕಡೆಯ ರೈತರಿಗೆ ಚೆನ್ನಾಗಿ ಗೊತ್ತು; ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅದರ ಮೇಲೆ ಅಧ್ಯಯನವೇ ನಡೆಯುತ್ತದೆ.

ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅವರ ಮೊಮ್ಮಗ ಮರುದಿನವೇ ಬಣ್ಣ ತಂದು ನಮ್ಮ ಮೆದು ನೀರಿನ ನಲ್ಲಿಗಳ ಮೇಲೆ ಕೆಂಪು ಪಟ್ಟಿ ಬಳಿದ. ಓದು ಬಾರದ ಮಕ್ಕಳಿಗೂ ಆ ಗುರುತು ತಿಳಿಯುತ್ತದೆ. ನಿಮ್ಮ ಮನೆಯಲ್ಲಿ ಸಾಫ್ಟನರ್ ಇದ್ದರೆ ಈ ವಾರ ಅಷ್ಟು ಮಾಡಿ. ಜೊತೆಗೆ ಕುಡಿಯುವ ನೀರನ್ನು ಒಂದು ಸ್ವಚ್ಛ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕೊಟ್ಟು, ಫ್ಲೋರೈಡ್ ಎಷ್ಟಿದೆ ಅಂತ ಕೇಳಿ.