ಅಟ್ಟದ ಕಾಯಿ ಇಳಿಸಿ ಪ್ಯಾರಿಸ್‌ಗೆ ಮೂರು ದಿನ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಊರು ಬಿಡುವುದು ಅಪರೂಪ. ಮದುವೆಗೆ ಒಬ್ಬರು ಹೋದರೆ ಗೃಹಪ್ರವೇಶಕ್ಕೆ ಇನ್ನೊಬ್ಬರು. ಹಸುವಿನ ಹಾಲು ಎರಡು ಹೊತ್ತು ಕರೆಯಬೇಕು, ಕರೆಂಟು ಬಂದಾಗ ಮೋಟಾರು ಹಾಕಬೇಕು, ಬಿದ್ದ ಕಾಯಿ ಆಯಬೇಕು, ಅಟ್ಟದ ಮೇಲಿನ ಕಾಯಿಯ ಮೇಲೆ ಒಂದು ಕಣ್ಣಿಟ್ಟಿರಬೇಕು. ಹೀಗಾಗಿ ಮದುವೆಯಾಗಿ 31 ವರ್ಷವಾದರೂ ನಾವಿಬ್ಬರೇ ಎಂದು ಎಲ್ಲಿಗೂ ಹೋಗಿ ಬಂದವರಲ್ಲ. ಹೊಸದರಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದು ನಿಜ. ಆದರೆ ಆ ವ್ಯಾನಿನಲ್ಲಿ ಇನ್ನೂ ಹನ್ನೊಂದು ಜನರಿದ್ದರು!

ಅಂಥ ನಾವು ಈ ಮೇ ಕೊನೆಗೆ ಪ್ಯಾರಿಸ್‌ಗೆ ಹೊರಟಿದ್ದೇವೆ. ಮಗ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾನೆ. ಮೂರು ವಾರ ಅವನ ಮನೆಯಲ್ಲಿರುವುದು, ಅದರ ನಡುವೆ ಶನಿವಾರದಿಂದ ಸೋಮವಾರದವರೆಗೆ ನಾವಿಬ್ಬರೇ ರೈಲು ಹತ್ತಿ ಪ್ಯಾರಿಸ್ ನೋಡಿ ಬರುವುದು ಎಂದು ತೀರ್ಮಾನವಾಗಿದೆ. ಪೆಂಟೆಕೋಸ್ಟ್ ಹಬ್ಬದ ಸೋಮವಾರ ಅಲ್ಲಿ ರಜೆ. ಮಗನಿಗೂ ಬಿಡುವಿದೆ. "ನಾನೂ ಬರ್ತೀನಮ್ಮ, ನಿಮಗೆ ಭಾಷೆ ಬರಲ್ಲ" ಎಂದ. ಬೇಡವೆಂದೆ. ಅವನು ಜೊತೆಗಿದ್ದರೆ ನಾವು ಅಪ್ಪ ಅಮ್ಮ ಆಗಿರುತ್ತೇವೆ. ಮೂರು ದಿನವಾದರೂ ಬರೀ ಗಂಡ ಹೆಂಡತಿಯಾಗಿ ಇರಬೇಕೆಂಬುದು ನನ್ನ ಆಸೆ. ಯಜಮಾನರು ಏನೂ ಹೇಳಲಿಲ್ಲ. ಮಾರನೆಯ ದಿನ ಪೇಟೆಯಿಂದ ಬರುವಾಗ ನೂರು ಪುಟದ ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ "ಪ್ಯಾರಿಸ್" ಎಂದು ಬರೆದಿಟ್ಟರು. ಅದೇ ಅವರ ಒಪ್ಪಿಗೆ.

ಮೊದಲು ಮನೆಯ ಏರ್ಪಾಡು

ನೋಟ್‌ಬುಕ್ಕಿನ ಮೊದಲ ಆರು ಪುಟಗಳಲ್ಲಿ ಪ್ಯಾರಿಸ್‌ನ ಸುದ್ದಿಯೇ ಇಲ್ಲ. ಹಸು ಯಾರು ನೋಡುತ್ತಾರೆ, ಬೋರ್‌ವೆಲ್ ಯಾರು ಹಾಕುತ್ತಾರೆ, ನಾಯಿಗೆ ಅನ್ನ ಯಾರು ಇಡುತ್ತಾರೆ ಎಂಬುದೇ ತುಂಬಿದೆ. ನಮ್ಮ ಕಡೆ ಕಾಯಿ ಕೆಡವುವುದು ಸುಮಾರು ಒಂದೂವರೆ ತಿಂಗಳಿಗೊಮ್ಮೆ. ಎರಡು ಕೀಳಿನ ನಡುವಿನ ಅವಧಿಯನ್ನೇ ಹಿಡಿದು ದಿನ ಗೊತ್ತುಮಾಡಿದೆವು. ಅಷ್ಟು ಹೊತ್ತಿಗೆ ಹೆಸರು ಬಿತ್ತಿಯಾಗಿರುತ್ತದೆ, ರಾಗಿಗೆ ಇನ್ನೂ ಕಾಲವಿದೆ. ನನ್ನ ತಮ್ಮ ಮೂರು ವಾರ ಬಂದು ಉಳಿಯಲು ಒಪ್ಪಿದ್ದಾನೆ. ಬದಲಿಗೆ ದೀಪಾವಳಿಗೆ ನಾವು ಅವನ ಮನೆ ಕಾಯಬೇಕು. ರೈತ ದಂಪತಿಯ ಪ್ರವಾಸಕ್ಕೆ ಇಂಥ ಮುಯ್ಯಿಗಿಂತ ಒಳ್ಳೆಯ ವ್ಯವಸ್ಥೆ ನನಗೆ ಕಾಣಲಿಲ್ಲ.

ದುಡ್ಡು ಮತ್ತು ದಾಖಲೆ

ಉಂಡೆ ಕೊಬ್ಬರಿ ಅವಸರದ ಬೆಳೆಯಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿದರೆ, ಒಳಗಿನ ನೀರು ಇಂಗಿ ಗಿಟುಕು ಚಿಪ್ಪಿನಿಂದ ಬಿಟ್ಟು ಗಡಗಡ ಎನ್ನಲು ಹತ್ತು ಹನ್ನೊಂದು ತಿಂಗಳು ಬೇಕು. ಹಾಗೆ ಕಾದ ಕಾಯಿಗೆ ಒಳ್ಳೆಯ ಬೆಲೆ ಸಿಗುವುದೂ ಅದೃಷ್ಟ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ವರ್ಷದ ನಡುವಿನಲ್ಲಿ ತಿಪಟೂರು ಮಾರುಕಟ್ಟೆಯ ದರ ಅದರ ಎರಡು ಪಟ್ಟನ್ನೂ ದಾಟಿತು. ಅದರ ಹಿಂದೆ ಇದೇ ಕೊಬ್ಬರಿಯನ್ನು ಬೆಂಬಲ ಬೆಲೆಗಿಂತ ಕಡಿಮೆಗೆ ಕೊಟ್ಟದ್ದನ್ನೂ ನಾವು ಕಂಡವರೇ. ಆದ್ದರಿಂದ "ಇದ್ದಾಗ ಇಟ್ಟುಕೊಳ್ಳೋಣ" ಎಂಬುದು ಯಜಮಾನರ ವಾದ, "ಇದ್ದಾಗ ಹೋಗಿಬರೋಣ" ಎಂಬುದು ನನ್ನದು. ಕೊನೆಗೆ ಪ್ಯಾರಿಸ್‌ನ ಮೂರು ದಿನಕ್ಕೆ ಇಷ್ಟು ಚೀಲ ಕೊಬ್ಬರಿ ಎಂದು ಒಂದು ಲೆಕ್ಕ ಮಾಡಿ, ಅದರ ಮೇಲೆ ಒಂದು ರೂಪಾಯಿಯೂ ಹೋಗಬಾರದೆಂದು ಗೆರೆ ಎಳೆದೆವು. ಮಗನ ದುಡ್ಡು ಇದಕ್ಕೆ ಬೇಡವೆಂದು ಇಬ್ಬರೂ ಒಪ್ಪಿದೆವು.

ವೀಸಾ ವಿಷಯ ಕೇಳಿದಷ್ಟು ಕಷ್ಟವಲ್ಲ. ಷೆಂಗೆನ್ ವೀಸಾ ಒಂದಿದ್ದರೆ ಯುರೋಪಿನ 29 ದೇಶಗಳಿಗೆ ಹೋಗಬಹುದು. ಹೆಚ್ಚು ದಿನ ಎಲ್ಲಿ ಉಳಿಯುತ್ತೇವೋ ಆ ದೇಶಕ್ಕೆ ಅರ್ಜಿ ಹಾಕಬೇಕು. ನಮಗದು ನೆದರ್ಲೆಂಡ್ಸ್. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಕೊಡಬಹುದು. ಕೊನೆಯ ಗಡುವು ಹದಿನೈದು ದಿನ ಮುಂಚೆ, ಆದರೆ ಅಲ್ಲಿಯವರೆಗೆ ಕಾಯುವುದು ಜಾಣತನವಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಇಬ್ಬರೂ ಬೆಂಗಳೂರಿಗೆ ಖುದ್ದಾಗಿ ಹೋಗಬೇಕಾಯಿತು. ಸಂಬಳದ ಚೀಟಿ ಇಲ್ಲದ ನಮ್ಮಂಥವರು ಊರಿಗೆ ವಾಪಸು ಬರುತ್ತೇವೆಂದು ತೋರಿಸುವುದು ಹೇಗೆ? ಪಹಣಿಯನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿದೆವು, ಜೊತೆಗೆ ಕೊಬ್ಬರಿ ಮಾರಿದ ರಸೀದಿ, ಬ್ಯಾಂಕಿನ ಲೆಕ್ಕ ಇಟ್ಟೆವು. ಮಗ ಅಲ್ಲಿನ ನಗರಸಭೆಯಲ್ಲಿ ದೃಢೀಕರಿಸಿದ ಆತಿಥ್ಯದ ಪತ್ರ ಕಳಿಸಿದ.

ಕೊಬ್ಬರಿಗೆ ವಿಮಾನವಿಲ್ಲ

ಮಗನಿಗೆ ಎಂಟು ಗಿಟುಕು ಕಟ್ಟಿಟ್ಟಿದ್ದರು ಯಜಮಾನರು. ವಿಮಾನದಲ್ಲಿ ಅದು ಹೋಗುವುದಿಲ್ಲ! ಒಣ ಕೊಬ್ಬರಿಯಲ್ಲಿ ಶೇಕಡ 60ಕ್ಕೂ ಹೆಚ್ಚು ಎಣ್ಣೆಯಿದೆ, ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿಗೆ ಅದನ್ನು ಸೇರಿಸಿದ್ದಾರೆ. 2022ರ ಮಾರ್ಚ್‌ನಿಂದ ನಮ್ಮ ದೇಶದ ವಿಮಾನಗಳಲ್ಲಿ ಅದನ್ನು ಕೈಚೀಲದಲ್ಲಷ್ಟೇ ಅಲ್ಲ, ದೊಡ್ಡ ಪೆಟ್ಟಿಗೆಯಲ್ಲೂ ಇಡುವಂತಿಲ್ಲ. ಇನ್ನು ಯುರೋಪಿನ ಒಕ್ಕೂಟದ ದೇಶಗಳಿಗೆ ಹಾಲಿನ ಪದಾರ್ಥ ಒಯ್ಯಬಾರದು, ಹಾಗಾಗಿ ತುಪ್ಪ, ಪೇಡ ಎರಡೂ ಇಲ್ಲ. ಆದರೆ ಒಂದು ಸಮಾಧಾನದ ಸುದ್ದಿಯಿದೆ ಕೇಳಿ: ಹೊರದೇಶದಿಂದ ಹಣ್ಣು ತರಕಾರಿ ತರುವವರು ಅಲ್ಲಿ ಸಸ್ಯರೋಗ ತಪಾಸಣೆಯ ಪ್ರಮಾಣಪತ್ರ ತೋರಿಸಬೇಕು. ಈ ನಿಯಮದಿಂದ ಬಿಟ್ಟಿರುವುದು ಐದೇ ಹಣ್ಣುಗಳನ್ನು. ಅನಾನಸು, ಬಾಳೆ, ಖರ್ಜೂರ, ಡುರಿಯನ್, ಮತ್ತೆ ನಮ್ಮ ತೆಂಗು! ಇದನ್ನು ಓದಿ ಹೇಳಿದಾಗ ಯಜಮಾನರಿಗೆ ಪ್ರಶಸ್ತಿ ಬಂದಷ್ಟು ಸಂತೋಷವಾಯಿತು. ಮಗನ ಪಾಲಿಗೆ ಈಗ ಕೊಬ್ಬರಿ ಹಾಕದ ಶೇಂಗಾ ಚಟ್ನಿಪುಡಿ.

ಅರಳಗುಪ್ಪೆಯಲ್ಲಿ ತಾಲೀಮು

ಯಜಮಾನರಿಗೆ ಮಂಡಿನೋವು, ನನಗೆ ಬಿಸಿಲಿಗೆ ತಲೆ ಸುತ್ತು. ಪ್ಯಾರಿಸ್‌ನಲ್ಲಿ ಎಷ್ಟು ನಡೆಯಬಲ್ಲೆವೆಂದು ತಿಳಿಯುವುದು ಹೇಗೆ? ಒಂದು ಭಾನುವಾರ ಬೈಕಿನಲ್ಲಿ ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋದೆವು. ಅಲ್ಲಿಂದ ತುರುವೇಕೆರೆಗೆ ಬಂದು ಹೊಯ್ಸಳರ ಕಾಲದ ಗುಡಿಗಳನ್ನು ನೋಡಿದೆವು. ಪ್ರವಾಸಿಗಳ ಹಾಗೆಯೇ ನಿಧಾನವಾಗಿ ನೋಡಬೇಕು, ಮೊಬೈಲಿನಲ್ಲಿ ಹೆಜ್ಜೆ ಎಣಿಸಬೇಕು ಎಂಬುದು ಒಪ್ಪಂದ. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಒಳಮಾಳಿಗೆಯಲ್ಲಿ ಕುಣಿಯುವ ಶಿವನಿದ್ದಾನೆ, ಸುತ್ತ ದಿಕ್ಪಾಲಕರು. ಒಂಬತ್ತನೇ ಶತಮಾನದ್ದು. ಇಷ್ಟು ಹತ್ತಿರವಿದ್ದೂ ನಾವಿಬ್ಬರೂ ಒಟ್ಟಿಗೆ ಅದರ ಕೆಳಗೆ ನಿಂತು ಕತ್ತೆತ್ತಿ ನೋಡಿದ್ದು ಅದೇ ಮೊದಲು.

ಆ ದಿನದ ಫಲಿತಾಂಶ ನೋಟ್‌ಬುಕ್ಕಿನಲ್ಲಿದೆ. ದಿನಕ್ಕೆ ನಾಲ್ಕು ಕಿಲೋಮೀಟರ್ ನಡಿಗೆ, ಮುಕ್ಕಾಲು ಗಂಟೆಗೊಮ್ಮೆ ಕೂರುವುದು, ಮಧ್ಯಾಹ್ನ ಒಂದು ನಿದ್ದೆ. ಅದಕ್ಕಿಂತ ಹೆಚ್ಚಾದರೆ ಯಜಮಾನರು ಮಾತು ನಿಲ್ಲಿಸುತ್ತಾರೆ, ನಾನು ಸಿಡುಕುತ್ತೇನೆ. ಹೊಸ ಊರಿನಲ್ಲಿ ಇವೆರಡೂ ಬೇಡ.

ಎರಡು ಚೀಟಿ

ಮಗ ಕಳಿಸಿದ ಪಟ್ಟಿಯಲ್ಲಿ 23 ಸ್ಥಳಗಳಿದ್ದವು. ನಾವು ಬೇರೆ ಬೇರೆ ಕೂತು ತಲಾ ಮೂರು ಹೆಸರು ಬರೆದೆವು. ಎರಡೂ ಚೀಟಿಯಲ್ಲಿದ್ದದ್ದು ಐಫೆಲ್ ಗೋಪುರ ಒಂದೇ. ನನ್ನ ಚೀಟಿಯಲ್ಲಿ ಮೊದಲಿದ್ದದ್ದು ನೋತ್ರ್ ದಾಮ್ ಚರ್ಚು. 2019ರ ಏಪ್ರಿಲ್ 15ರಂದು ಅದರ ಚಾವಣಿ ಉರಿದದ್ದನ್ನು ಟೀವಿಯಲ್ಲಿ ನೋಡಿದ್ದೆ. ದುರಸ್ತಿಯಾಗಿ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಅದರ ಕೆಲಸ ಶುರುವಾದದ್ದು 1163ರಲ್ಲಿ. ಅಲ್ಲಿ ಇನ್ನೂ ಕಲ್ಲಿನ ಮೇಲೆ ಕಲ್ಲು ಏರುತ್ತಿದ್ದ ಹದಿಮೂರನೇ ಶತಮಾನದಲ್ಲೇ ಅರಳಗುಪ್ಪೆಯ ಚೆನ್ನಕೇಶವನ ಗುಡಿಯನ್ನು ನಮ್ಮ ಶಿಲ್ಪಿಗಳು ಕೆತ್ತುತ್ತಿದ್ದರು.

ಯಜಮಾನರ ಚೀಟಿಯಲ್ಲಿ ಮೊದಲಿದ್ದದ್ದು "ಸಂತೆ". ಪ್ಯಾರಿಸ್‌ನ ರೈತ ತನ್ನ ಮಾಲು ಎಲ್ಲಿ, ಹೇಗೆ ಮಾರುತ್ತಾನೆಂದು ಅವರಿಗೆ ನೋಡಬೇಕಂತೆ. ನಗರದ ನಡುವೆಯಿದ್ದ ದೊಡ್ಡ ಸಗಟು ಮಾರುಕಟ್ಟೆ 1969ರಲ್ಲಿ ಊರಾಚೆಯ ರಂಜಿಸ್ ಎಂಬಲ್ಲಿಗೆ ಹೋಯಿತು. ಅದು ನಸುಕಿನ ವ್ಯವಹಾರ, ದೂರವೂ ಹೌದು. ಊರೊಳಗಿನ ಅಲಿಗ್ರ್ ಸಂತೆ ಸೋಮವಾರ ಬಿಟ್ಟು ಉಳಿದೆಲ್ಲ ದಿನ ಬೆಳಿಗ್ಗೆ ನಡೆಯುತ್ತದೆ. ಭಾನುವಾರ ಅಲ್ಲಿಗೆ.

ಉಳಿದ ಇಪ್ಪತ್ತನ್ನು ಬಿಟ್ಟೆವು. ಮೊನಾಲಿಸಾ ಇರುವ ಲೂವ್ರ್ ಸಂಗ್ರಹಾಲಯವನ್ನೂ! ಮಗ ಫೋನಿನಲ್ಲೇ ಕಿರುಚಿದ. ಆ ಅರಮನೆಯಲ್ಲಿ ಸುಮಾರು 35,000 ಕಲಾಕೃತಿಗಳನ್ನು ಪ್ರದರ್ಶನಕ್ಕಿಟ್ಟಿದ್ದಾರೆ. ನಮ್ಮ ನಾಲ್ಕು ಕಿಲೋಮೀಟರ್ ಅಲ್ಲೇ ಮುಗಿದುಹೋಗುತ್ತದೆ. ಯಾರದೋ ಪಟ್ಟಿ ಮುಗಿಸಲು ಓಡುವುದಕ್ಕಿಂತ ಇಬ್ಬರಿಗೂ ಬೇಕಾದ ಮೂರನ್ನು ಕೂತು ನೋಡುವುದು ಮೇಲೆಂದು ನಮಗೆ ತೋರಿತು.

ಮೂರು ದಿನ ಹೀಗೆ

ಶನಿವಾರ: ಐಂಡ್‌ಹೋವನ್‌ನಿಂದ ರಾಟರ್‌ಡ್ಯಾಮ್, ಅಲ್ಲಿಂದ ಯೂರೋಸ್ಟಾರ್ ರೈಲು. ಇಳಿಯುವುದು ಪ್ಯಾರಿಸ್‌ನ ಗಾರ್ ದು ನೋರ್ ನಿಲ್ದಾಣದಲ್ಲಿ. ವಸತಿಯೂ ಅದರ ಹತ್ತಿರವೇ. ಪಕ್ಕದ ಲಾ ಶಪೆಲ್ ಬಡಾವಣೆಯಲ್ಲಿ ಶ್ರೀಲಂಕಾ ತಮಿಳರ ಅಂಗಡಿಗಳಿವೆ, ಇಡ್ಲಿ ದೋಸೆಯೂ ಸಿಗುತ್ತದೆ. ಅಲ್ಲೊಂದು ಗಣೇಶನ ಗುಡಿಯಿದೆ, 1985ರಿಂದ ನಡೆಯುತ್ತಿದೆ. ಬೇಸಿಗೆಯ ಕೊನೆಯಲ್ಲಿ ಆ ಗಣೇಶನ ತೇರು ಬೀದಿಗೆ ಬರುವಾಗ ರಸ್ತೆಯಲ್ಲಿ ರಾಶಿ ರಾಶಿ ತೆಂಗಿನಕಾಯಿ ಒಡೆಯುತ್ತಾರಂತೆ. ತೇರು ನಮಗೆ ಸಿಗದು. ಆದರೆ ಮೊದಲ ಸಂಜೆ ಆ ಗಣೇಶನಿಗೆ ಕೈಮುಗಿದು, ಇಡ್ಲಿ ತಿಂದು ಮಲಗುವುದು.

ಭಾನುವಾರ: ಬೆಳಿಗ್ಗೆ ಸಂತೆ, ಮಧ್ಯಾಹ್ನ ನಿದ್ದೆ, ಸಂಜೆ ಐಫೆಲ್. ಮಧ್ಯಾಹ್ನದ ನಿದ್ದೆ ಏಕೆಂದರೆ ಮೇ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಯ ನಂತರ. ಕತ್ತಲಾದ ಮೇಲೆ ಪ್ರತಿ ಗಂಟೆಯ ಆರಂಭದಲ್ಲಿ ಐದು ನಿಮಿಷ ಗೋಪುರದ 20,000 ಬಲ್ಬುಗಳು ಮಿನುಗುತ್ತವೆ. ಒಂಬತ್ತಕ್ಕೆ ಮಲಗಿ ರೂಢಿಯಾದ ನಾವು ಅಂದು ಎಚ್ಚರವಿರಬೇಕು. 1889ರಲ್ಲಿ ನಿಂತ ಈ ಕಬ್ಬಿಣದ ಗೋಪುರದ ಎತ್ತರ 330 ಮೀಟರ್. ಮಕ್ಕಳೇ, 20 ಮೀಟರಿನ ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಹದಿನಾರೂವರೆ ಮರ ಬೇಕಾಗುತ್ತದೆ! ಎರಡನೇ ಅಂತಸ್ತಿನವರೆಗೆ ಹತ್ತಲು 674 ಮೆಟ್ಟಿಲು. ನಾವು ಲಿಫ್ಟಿನಲ್ಲಿ ಅಲ್ಲಿಯವರೆಗಷ್ಟೇ.

ಸೋಮವಾರ: ಬೆಳಿಗ್ಗೆ ನೋತ್ರ್ ದಾಮ್. ಆಮೇಲೆ ಸೀನ್ ನದಿಯ ಮೇಲೆ ಒಂದು ಗಂಟೆಯ ದೋಣಿ. ಸಂಜೆ ವಾಪಸು ರೈಲು. ದೋಣಿಗೂ ರೈಲಿಗೂ ನಡುವೆ ಮೂರು ಗಂಟೆ ಬಿಡುವಿದೆ. ಆ ಜಾಗದಲ್ಲಿ ಏನು ಬರೆಯಬೇಕೆಂದು ಯಜಮಾನರನ್ನು ಕೇಳಿದೆ. ಅವರೇ ಪೆನ್ನು ತೆಗೆದುಕೊಂಡು "ಸುಮ್ಮನೆ" ಎಂದು ಬರೆದರು. 31 ವರ್ಷದಲ್ಲಿ ನಮ್ಮಿಬ್ಬರಿಗೆ ಅಂಥ ಮೂರು ಗಂಟೆ ಸಿಕ್ಕ ನೆನಪಿಲ್ಲ. ಇಡೀ ಯೋಜನೆಯಲ್ಲಿ ನಾನು ಹೆಚ್ಚು ಕಾಯುತ್ತಿರುವುದು ಅದಕ್ಕೇ.

ನೀವೂ ಹೊರಡುವುದಾದರೆ

• ರಜೆಯ ದಿನ ಮೊದಲು ನೋಡಿ. ಲೂವ್ರ್‌ಗೆ ಮಂಗಳವಾರ ರಜೆ. ಹಳೆಯ ರೈಲು ನಿಲ್ದಾಣವೇ ಸಂಗ್ರಹಾಲಯವಾಗಿರುವ ಓರ್ಸೆ ಮತ್ತು ವರ್ಸೈ ಅರಮನೆಗೆ ಸೋಮವಾರ ರಜೆ.

• ಐಫೆಲ್ ಲಿಫ್ಟಿನ ಟಿಕೆಟನ್ನು 60 ದಿನ ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಬಹುದು. 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ಪಾವತಿಯೂ ಆರಂಭವಾಗಿದೆ. ನೋತ್ರ್ ದಾಮ್ ಪ್ರವೇಶ ಉಚಿತ.

• ಮೆಟ್ರೊ 1900ರಲ್ಲಿ ಶುರುವಾದದ್ದು. ಹಳೆಯ ನಿಲ್ದಾಣಗಳಲ್ಲಿ ಮೆಟ್ಟಿಲುಗಳೇ ಹೆಚ್ಚು. ಮಂಡಿನೋವಿನವರಿಗೆ ಬಸ್ಸೇ ವಾಸಿ, ಊರೂ ಕಾಣುತ್ತದೆ. ನವಿಗೊ ಈಸಿ ಕಾರ್ಡು ಪ್ರತಿಯೊಬ್ಬರಿಗೂ ಬೇರೆ ಬೇರೆ ಬೇಕು.

• ಯಾರನ್ನು ಏನು ಕೇಳುವ ಮುನ್ನವೂ "ಬೋಂಜೂರ್" ಎನ್ನಿ. ಅದಿಲ್ಲದೆ ಮಾತಿಗಿಳಿದರೆ ಅಲ್ಲಿ ಒರಟುತನ ಎನಿಸುತ್ತದೆ.

• ಹೋಟೆಲಿನಲ್ಲಿ ಊಟದ ಜೊತೆ "ಕರಾಫ್ ದೋ" ಎಂದು ಕೇಳಿದರೆ ಕುಡಿಯುವ ನೀರು ಪುಕ್ಕಟೆ. ಬೀದಿಬದಿಯ ಸಾರ್ವಜನಿಕ ಶೌಚಾಲಯಗಳೂ ಉಚಿತ.

• ಮೆಟ್ರೊದಲ್ಲೂ ಐಫೆಲ್ ಸುತ್ತಲೂ ಜೇಬುಗಳ್ಳರಿದ್ದಾರೆ. ಪಾಸ್‌ಪೋರ್ಟು ಒಳಜೇಬಿನಲ್ಲಿರಲಿ. ಸಹಿ ಹಾಕಿ ಎಂದು ಕಾಗದ ಚಾಚುವವರಿಗೆ, ಉಂಗುರ ಸಿಕ್ಕಿತು ಎನ್ನುವವರಿಗೆ ನಿಲ್ಲಬೇಡಿ.

• ತುರ್ತಿಗೆ 112. ಈ ಸಂಖ್ಯೆ ಯುರೋಪಿನ ಒಕ್ಕೂಟದ ಎಲ್ಲ ದೇಶಗಳಲ್ಲೂ ನಡೆಯುತ್ತದೆ.

• ಎಲ್ಲಕ್ಕಿಂತ ಮೊದಲು, ಹಸು ಕರೆಯುವವರನ್ನು ಗೊತ್ತುಮಾಡಿ!